ತೋಟದ ವಾಲ್ವ್ ಬೋರ್ಡಿಗೆ 7805 ರೆಗ್ಯುಲೇಟರ್ ಕೂರಿಸಿದ್ದು, ಎರಡು ಸಲ

ತಿಪಟೂರಿನ ಸಮೀಪದ ನಮ್ಮ ತೋಟದಲ್ಲಿ ತೆಂಗಿನ ಸಾಲುಗಳ ನಡುವೆ ಬಾಳೆ ಹಾಕಿದ ವರ್ಷ, ಎತ್ತರದ ತೊಟ್ಟಿಯಿಂದ ತೋಟದ ಎರಡು ಭಾಗಗಳಿಗೆ ಹನಿ ನೀರು ಬಿಡುವ ಕೆಲಸಕ್ಕೆಂದು ನಾನೊಂದು ಸಣ್ಣ ಬೋರ್ಡು ಕಟ್ಟಿದೆ. ಝೀರೋ ಪಿಸಿಬಿಯ (ಸಾಲುಸಾಲು ರಂಧ್ರಗಳಿರುವ ಖಾಲಿ ಬೋರ್ಡಿನ) ಮೇಲೆ ಎಲ್ಲವನ್ನೂ ನಡೆಸುವ ಎಟಿಮೆಗಾ 328ಪಿ ಚಿಪ್, 16 ಮೆಗಾಹರ್ಟ್ಸ್ ಕ್ರಿಸ್ಟಲ್, ಎರಡು ಸಾಲಿನ ಎಲ್‌ಸಿಡಿ, ತೊಟ್ಟಿಯೊಳಗೆ ನೀರಿನ ಮಟ್ಟ ತಿಳಿಸುವ ಎರಡು ಫ್ಲೋಟ್ ಸ್ವಿಚ್, ಅಂಗಡಿಯಿಂದ ತಂದ ಎರಡು ರಿಲೇಗಳ (ಚಿಪ್ಪಿನ ಅಪ್ಪಣೆಯಂತೆ ನಡೆಯುವ ಸ್ವಿಚ್ಚುಗಳ) ಮಾಡ್ಯೂಲ್, ಆ ರಿಲೇಗಳ ತುದಿಯಲ್ಲಿ ಕರೆಂಟು ಕೊಟ್ಟಾಗ ತೆರೆಯುವ 12 ವೋಲ್ಟಿನ ಎರಡು ಸೊಲೆನಾಯ್ಡ್ ವಾಲ್ವ್. ತ್ರೀಫೇಸ್ ಕರೆಂಟ್ ಬಂದು ಬೋರ್‌ವೆಲ್ ಮೋಟಾರು ಓಡಿ ತೊಟ್ಟಿ ತುಂಬಿದಾಗ ವಾಲ್ವ್‌ಗಳು ತೆರೆದುಕೊಳ್ಳಬೇಕು, ನೀರು ಕೆಳಗಿನ ಫ್ಲೋಟ್‌ಗಿಂತ ಇಳಿದಾಗ ಮುಚ್ಚಿಕೊಳ್ಳಬೇಕು. ಕೆಲಸ ಇಷ್ಟೇ.

ಮೊದಲ ಕೆಲವು ತಿಂಗಳು ಈ ಬೋರ್ಡಿಗೆ 5 ವೋಲ್ಟ್ ಬರುತ್ತಿದ್ದದ್ದು ಮೋಟಾರ್ ಶೆಡ್ಡಿನ ಗೋಡೆಗೆ ಚುಚ್ಚಿದ್ದ ಹಳೆಯ ಮೊಬೈಲ್ ಚಾರ್ಜರಿನಿಂದ. ಕರೆಂಟ್ ಹೋದಾಗ ಬೋರ್ಡೂ ಆರಿ, ತೊಟ್ಟಿಯಲ್ಲಿ ನೀರಿದ್ದರೂ ವಾಲ್ವ್‌ಗಳು ಮುಚ್ಚಿಕೊಂಡು ಗಿಡಕ್ಕೆ ನೀರು ಹೋಗುತ್ತಿರಲಿಲ್ಲ. ವಾಲ್ವ್‌ಗಳಿಗೂ ರಾತ್ರಿಯ ದೀಪಕ್ಕೂ ಎಂದು ಶೆಡ್ಡಿನಲ್ಲಿ 40 ವ್ಯಾಟಿನ ಸೋಲಾರ್ ಪ್ಯಾನೆಲ್ಲೂ 12 ವೋಲ್ಟಿನ 26 ಆಂಪ್‌ಅವರ್ ಬ್ಯಾಟರಿಯೂ ಮೊದಲೇ ಇದ್ದವು. ಹಾಗಾಗಿ ಬೋರ್ಡನ್ನೂ ಅದೇ ಬ್ಯಾಟರಿಗೆ ಸೇರಿಸುವುದೆಂದು ತೀರ್ಮಾನಿಸಿದೆ. ಎಟಿಮೆಗಾ ಚಿಪ್ಪು 5.5 ವೋಲ್ಟಿನವರೆಗೆ ಕೆಲಸ ಮಾಡುತ್ತದೆ, 6 ವೋಲ್ಟ್ ದಾಟಿದರೆ ಉಳಿಯುವ ಭರವಸೆಯಿಲ್ಲ. ಬ್ಯಾಟರಿಯ ವೋಲ್ಟೇಜಾದರೋ 12 ಎಂದು ಹೆಸರಿಗೆ ಮಾತ್ರ. ವಿಶ್ರಾಂತಿಯಲ್ಲಿ ತುಂಬಿದ್ದಾಗ 12.7ರ ಆಸುಪಾಸು, ಬಿಸಿಲಿನಲ್ಲಿ ಚಾರ್ಜ್ ಆಗುವಾಗ 14ನ್ನು ದಾಟುತ್ತದೆ. ನಡುವೆ ಈ ಏರಿಳಿತವನ್ನು ಸ್ಥಿರವಾದ 5 ವೋಲ್ಟಿಗೆ ಇಳಿಸುವ ಒಂದು ರೆಗ್ಯುಲೇಟರ್ ಬೇಕೇ ಬೇಕು.

ಕರೆಂಟನ್ನು ಬಹುಬೇಗ ಹಚ್ಚಿ ಆರಿಸುತ್ತಾ ವೋಲ್ಟೇಜ್ ಇಳಿಸುವ ಸ್ವಿಚಿಂಗ್ ಮಾಡ್ಯೂಲ್ ತರಬಹುದಿತ್ತು. ಎಲ್‌ಎಂ2596 ಇರುವ ಸಣ್ಣ ನೀಲಿ ಮಾಡ್ಯೂಲುಗಳು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಬಿಸಿಯೂ ಅಷ್ಟಾಗಿ ಆಗುವುದಿಲ್ಲ. ಆದರೆ ಅವುಗಳ ಔಟ್‌ಪುಟ್ ವೋಲ್ಟೇಜನ್ನು ನಿರ್ಧರಿಸುವುದು ಒಂದು ಪುಟ್ಟ ತಿರುಗಿಸುವ ಪ್ರಿಸೆಟ್. ಧೂಳು, ತೇವ, ಇರುವೆ ಎಲ್ಲವೂ ಇರುವ ಮೋಟಾರ್ ಶೆಡ್ಡಿನಲ್ಲಿ ಆ ಪ್ರಿಸೆಟ್ಟಿನ ಸಂಪರ್ಕ ಒಂದು ದಿನ ಕೆಟ್ಟರೆ ಚಿಪ್ಪಿನ ಗತಿಯೇನು ಎಂಬ ಅಳುಕು ನನಗಿತ್ತು. 5 ವೋಲ್ಟನ್ನಷ್ಟೇ ಕೊಡುವ ಹಳೆಯ ಬಗೆಯ ರೆಗ್ಯುಲೇಟರಾದ 7805ಗೆ ಹೊಂದಿಸುವಂಥದ್ದೇನೂ ಇಲ್ಲ, ಮೂರೇ ಕಾಲು, ಕೆಟ್ಟರೆ ತಿಪಟೂರಿನ ರೇಡಿಯೋ ರಿಪೇರಿ ಅಂಗಡಿಯಲ್ಲೂ ಇನ್ನೊಂದು ಸಿಗುತ್ತದೆ. ತೋಟದಲ್ಲಿ ಇರಬೇಕಾದ ವಸ್ತುವಿಗೆ ಈ ಕೊನೆಯ ಗುಣ ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ನಾನು ವಾರದ ಐದು ದಿನ ಬೆಂಗಳೂರಿನಲ್ಲಿರುತ್ತೇನೆ ಮತ್ತು ಅಲ್ಲಿ ಅದನ್ನು ನೋಡಿಕೊಳ್ಳುವವರು ನನ್ನ ತಂದೆ.

ಮೊದಲ ಜೋಡಣೆಯನ್ನು ಹೀಗೆ ಮಾಡಿದೆ. ಬ್ಯಾಟರಿಯ ಪಾಸಿಟಿವ್ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ 1 ಆಂಪಿನ ಗಾಜಿನ ಫ್ಯೂಸ್ ಹಾಕಿದೆ. ಫ್ಯೂಸನ್ನು ಬೋರ್ಡಿನ ಬಳಿ ಇಟ್ಟರೆ ನಡುವಿನ ನಾಲ್ಕು ಮೀಟರ್ ತಂತಿಯನ್ನು ಇಲಿ ಕಡಿದಾಗ ಅದರಿಂದ ಪ್ರಯೋಜನವಿಲ್ಲ. ಬೋರ್ಡಿನ ಬಾಗಿಲಲ್ಲಿ ಸಾಲಾಗಿ ಒಂದು 1ಎನ್4007 ಡಯೋಡ್: ಯಾರಾದರೂ ಬ್ಯಾಟರಿಯ ತಂತಿಗಳನ್ನು ಅದಲುಬದಲಾಗಿ ಸಿಕ್ಕಿಸಿದರೆ ಕರೆಂಟೇ ಹರಿಯದಂತೆ ಅದು ತಡೆಯುತ್ತದೆ, ಅದಕ್ಕೆ ಬದಲಾಗಿ ಸುಮಾರು 0.8 ವೋಲ್ಟನ್ನು ತಾನು ಇಟ್ಟುಕೊಳ್ಳುತ್ತದೆ. 7805ಗೆ ಇನ್‌ಪುಟ್ಟಿನಲ್ಲಿ ಔಟ್‌ಪುಟ್ಟಿಗಿಂತ ಸುಮಾರು 2 ವೋಲ್ಟ್ ಹೆಚ್ಚು ಇರಬೇಕು, ಅಂದರೆ 7 ವೋಲ್ಟ್ ಸಾಕು. ಬ್ಯಾಟರಿ ಪೂರ್ತಿ ಬರಿದಾಗಿ 10.5ಕ್ಕೆ ಇಳಿದರೂ ಡಯೋಡಿನ ನಂತರ 9.7 ಉಳಿಯುತ್ತದೆ, ಹಾಗಾಗಿ ಈ ನಷ್ಟದ ಬಗ್ಗೆ ಚಿಂತೆಯಿರಲಿಲ್ಲ. ಡಯೋಡಿನ ನಂತರ ನೆಲಕ್ಕೆ (ಅಂದರೆ ಬ್ಯಾಟರಿಯ ನೆಗೆಟಿವ್ ಬದಿಗೆ) ಪಿ6ಕೆಇ18ಎ ಎಂಬ ಟಿವಿಎಸ್ ಡಯೋಡನ್ನು ಕೊಟ್ಟೆ. ಅದು 15 ವೋಲ್ಟಿನವರೆಗೆ ಸುಮ್ಮನಿದ್ದು, ವಾಲ್ವಿನ ಕಾಯಿಲ್ (ತಂತಿಯ ಸುರುಳಿ) ಆರಿದಾಗಲೋ ಸಿಡಿಲು ಹತ್ತಿರದಲ್ಲಿ ಬಡಿದಾಗಲೋ ತಂತಿಯಲ್ಲಿ ಏಳುವ ಏಟನ್ನು 25 ವೋಲ್ಟಿನ ಆಸುಪಾಸಿನಲ್ಲಿ ಹಿಡಿದು ನಿಲ್ಲಿಸುತ್ತದೆ. 7805 ತಡೆಯಬಲ್ಲದ್ದು 35 ವೋಲ್ಟ್. ಇದಲ್ಲದೆ ಎರಡೂ ವಾಲ್ವ್‌ಗಳ ಕಾಯಿಲಿಗೆ ಅಡ್ಡಲಾಗಿ, ವಾಲ್ವಿನ ಬಳಿಯೇ, ತಲಾ ಒಂದು 1ಎನ್4007 ಇದೆ. ವಾಲ್ವ್‌ಗಳ ಕರೆಂಟು ಬ್ಯಾಟರಿಯಿಂದ ಬೇರೆ ಫ್ಯೂಸಿನ ಮೂಲಕ ನೇರವಾಗಿ ಹೋಗುತ್ತದೆ.

ಚಾರ್ಜನ್ನು ಹಿಡಿದಿಟ್ಟು ವೋಲ್ಟೇಜನ್ನು ನೆಲೆಯಾಗಿಡುವ ಕೆಪಾಸಿಟರುಗಳ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಝೀರೋ ಬೋರ್ಡಿನಲ್ಲಿ ಕಟ್ಟುವವರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. 7805ನ ಡೇಟಾಶೀಟ್ (ತಯಾರಕರ ವಿವರಪತ್ರ) ಇನ್‌ಪುಟ್ಟಿನಲ್ಲಿ 0.33 ಮೈಕ್ರೊಫ್ಯಾರಡ್, ಔಟ್‌ಪುಟ್ಟಿನಲ್ಲಿ 0.1 ಮೈಕ್ರೊಫ್ಯಾರಡ್ ಕೇಳುತ್ತದೆ. 334 ಮತ್ತು 104 ಎಂದು ಬರೆದಿರುವ ಎರಡು ಪುಟ್ಟ ಸೆರಾಮಿಕ್ ಬಿಲ್ಲೆಗಳು ಅವು. ಅವುಗಳನ್ನು ಬೋರ್ಡಿನಲ್ಲಿ ಎಲ್ಲೋ ಹಾಕಿದರೆ ಸಾಲದು. ರೆಗ್ಯುಲೇಟರಿನ ಕಾಲಿನಿಂದ ಒಂದೆರಡು ರಂಧ್ರಗಳ ಅಂತರದಲ್ಲಿ ಇರಬೇಕು, ಅವುಗಳ ನೆಲದ ಕಾಲು ರೆಗ್ಯುಲೇಟರಿನ ನಡುವಿನ ಕಾಲಿಗೆ ನೇರವಾಗಿ ಸೇರಬೇಕು. ಉದ್ದನೆಯ ತಂತಿಯ ಆಚೆ ಇಟ್ಟ ಕೆಪಾಸಿಟರ್ ಈ ಕೆಲಸಕ್ಕೆ ಬಾರದು, ರೆಗ್ಯುಲೇಟರ್ ಒಳಗೊಳಗೇ ಕಂಪಿಸತೊಡಗಬಹುದು. ಇವುಗಳ ಜೊತೆಗೆ, ತಂತಿ ನಾಲ್ಕು ಮೀಟರ್ ಇರುವುದರಿಂದ ಇನ್‌ಪುಟ್ಟಿಗೆ 35 ವೋಲ್ಟಿನ 470 ಮೈಕ್ರೊಫ್ಯಾರಡ್, ಔಟ್‌ಪುಟ್ಟಿಗೆ 16 ವೋಲ್ಟಿನ 100 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್ ಸೇರಿಸಿದೆ. ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಹಿಮ್ಮುಖವಾಗಿ ಇನ್ನೊಂದು 1ಎನ್4007: ಇನ್‌ಪುಟ್ ಕಡೆ ಹಠಾತ್ತಾಗಿ ಸೊನ್ನೆಗೆ ಬಿದ್ದರೆ ಔಟ್‌ಪುಟ್ಟಿನ ಕೆಪಾಸಿಟರಿನಲ್ಲಿರುವ ಚಾರ್ಜು ರೆಗ್ಯುಲೇಟರಿನ ಒಳಗಿನಿಂದ ಹಿಂದಕ್ಕೆ ನುಗ್ಗದೆ ಈ ಡಯೋಡಿನಿಂದ ಹೋಗಲಿ ಎಂದು.

ಅಕ್ಷರಗಳು ನಮ್ಮತ್ತ ಇರುವಂತೆ 7805 ಅನ್ನು ಹಿಡಿದರೆ ಎಡಗಾಲು ಇನ್‌ಪುಟ್, ನಡುವಿನದು ನೆಲ, ಬಲಗಾಲು ಔಟ್‌ಪುಟ್. ಹಿಂದಿನ ಲೋಹದ ರೆಕ್ಕೆಯೂ ನೆಲವೇ. ಕಾಲುಗಳನ್ನು ಬುಡದಲ್ಲೇ ಬಗ್ಗಿಸಬಾರದು. ನೋಸ್ ಪ್ಲೈಯರಿನಿಂದ ಮೈಯಿಂದ ಮೂರು ಮಿಲಿಮೀಟರ್ ದೂರದಲ್ಲಿ ಕಾಲನ್ನು ಹಿಡಿದುಕೊಂಡು ಅದರಾಚೆ ಬಗ್ಗಿಸಬೇಕು, ಇಲ್ಲವಾದರೆ ಕಪ್ಪು ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಕಣ್ಣಿಗೆ ಕಾಣದ ಸೀಳು ಬಿಟ್ಟು ಮುಂದೊಂದು ಮಳೆಗಾಲದಲ್ಲಿ ತೇವ ಒಳಗಿಳಿಯುತ್ತದೆ.

ಚಿಪ್ಪಿಗೆ ಸೇರಿಸುವ ಮೊದಲು ರೆಗ್ಯುಲೇಟರ್ ಭಾಗವನ್ನು ಒಂಟಿಯಾಗಿ ಪರೀಕ್ಷಿಸಿದೆ. ಔಟ್‌ಪುಟ್ಟಿಗೆ 27 ಓಮಿನ 5 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಕಟ್ಟಿದರೆ ಸುಮಾರು 185 ಮಿಲಿಆಂಪ್ ಹರಿಯುತ್ತದೆ, ನನ್ನ ಬೋರ್ಡು ಎರಡೂ ರಿಲೇ ಎಳೆದಾಗ (ಚಾಲೂ ಆದಾಗ) ತಿನ್ನುವುದೂ ಅಷ್ಟೇ: ಚಿಪ್ಪಿಗೆ 15, ಎಲ್‌ಸಿಡಿಗೆ 20, ತಲಾ ರಿಲೇಗೆ ಕಾಯಿಲ್ಲೂ ಸೂಚಕ ದೀಪವೂ ಸೇರಿ 75. ಮಲ್ಟಿಮೀಟರ್ 4.97 ವೋಲ್ಟ್ ತೋರಿಸಿತು. 7805ನ ಔಟ್‌ಪುಟ್ 4.8ರಿಂದ 5.2ರ ನಡುವೆ ಎಲ್ಲಿದ್ದರೂ ಸರಿಯೇ, ಹಾಗಾಗಿ ಸಂತೋಷಪಟ್ಟೆ. ಹತ್ತು ನಿಮಿಷದ ನಂತರ ರೆಕ್ಕೆಯ ಮೇಲೆ ಬೆರಳಿಟ್ಟಾಗ ಒಂದು ಕ್ಷಣವೂ ಇಟ್ಟಿರಲಾಗಲಿಲ್ಲ. 7805 ಬಿಸಿಯಾಗುವುದು ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡು ಮುಂದಕ್ಕೆ ಹೋದೆ. ಕಾಗದ, ಪೆನ್ಸಿಲ್ ಕೈಗೆತ್ತಿಕೊಳ್ಳಬೇಕಾಗಿದ್ದ ಗಳಿಗೆ ಅದು.

ಮಾರ್ಚ್ ತಿಂಗಳ ಒಂದು ಶನಿವಾರ ಬೋರ್ಡನ್ನು ಶೆಡ್ಡಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂರಿಸಿದೆ. ಪೆಟ್ಟಿಗೆಗೆ ಗಾಳಿಯ ಕಿಂಡಿ ಇಡಲಿಲ್ಲ. ಅದಕ್ಕೆ ಕಾರಣವಿದೆ: ಹಿಂದಿನ ಪೆಟ್ಟಿಗೆಯ ಎರಡು ಕಿಂಡಿಗಳಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿತ್ತು, ಒಳಗಿನ ರಿಲೇಯ ಸಂದಿಯಲ್ಲಿ ಇರುವೆ ಮೊಟ್ಟೆಯಿಟ್ಟಿತ್ತು. ಮೊದಲ ವಾರ ಎಲ್ಲವೂ ಸರಿಯಾಗಿ ನಡೆಯಿತು. ಎರಡನೆಯ ವಾರ ತಂದೆಯವರು ಫೋನ್ ಮಾಡಿ, ವಾಲ್ವ್‌ಗಳು ಟಕ್ ಟಕ್ ಎಂದು ಮುಚ್ಚಿ ತೆರೆಯುತ್ತಿವೆ, ಪರದೆಯ ಬೆಳಕು ಮಂಕಾಗಿದೆ ಎಂದರು. ಮೂರನೆಯ ವಾರ ದೋಷವಿರಲಿಲ್ಲ. ನಾಲ್ಕನೆಯ ವಾರ ಮತ್ತೆ ಬಂತು. ನಾನು ಶನಿವಾರ ಸಂಜೆ ಹೋಗಿ ನೋಡಿದಾಗೆಲ್ಲ ಬೋರ್ಡು ಯಾವ ದೂರಿಗೂ ಎಡೆಯಿಲ್ಲದಂತೆ ಕೆಲಸ ಮಾಡುತ್ತಿತ್ತು.

ನಾನು ಸಡಿಲ ಬೆಸುಗೆಯನ್ನು ಹುಡುಕುತ್ತಾ ಎರಡು ಸಂಜೆ ಕಳೆದೆ. ಭೂತಗನ್ನಡಿ ಹಿಡಿದು ಅನುಮಾನ ಬಂದ ಬೆಸುಗೆಗಳನ್ನೆಲ್ಲ ಮತ್ತೊಮ್ಮೆ ಕಾಯಿಸಿದೆ. ದಾರಿ ತೋರಿಸಿದ್ದು ತಂದೆಯವರ ಎರಡು ಮಾತುಗಳು. ಒಂದು, ಅವರು ದೋಷ ಬಂದಾಗ ಪರದೆಯ ಫೋಟೊ ತೆಗೆದು ಕಳಿಸಿದ್ದರು. ಅದರಲ್ಲಿ ಬ್ಯಾಟರಿಯ ವೋಲ್ಟೇಜು 16.9 ಎಂದಿತ್ತು. ಇನ್ನೊಂದು, ಅವರು ಹೇಳಿದ್ದು: "ನೋಡು ಮಗ, ರಾತ್ರಿ ಪಾಳಿಯ ಕರೆಂಟ್ ಇರೋ ವಾರ ಇದು ಏನೂ ತಕರಾರು ಮಾಡಲ್ಲ. ಹಗಲು ಪಾಳಿ ಬಂದ ವಾರ ಮಾತ್ರ ಹಿಂಗೆ ಆಡೋದು."

ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಕರೆಂಟು ನಮ್ಮ ಕಡೆ ಪಾಳಿಯ ಮೇಲೆ ಬರುತ್ತದೆ, ಕೆಲವು ದಿನ ಹಗಲು, ಕೆಲವು ದಿನ ರಾತ್ರಿ. ಕರೆಂಟು ಬಂದಾಗಲೇ ತೊಟ್ಟಿ ತುಂಬುವುದರಿಂದ, ಎರಡೂ ವಾಲ್ವ್‌ಗಳು ಒಟ್ಟಿಗೆ ತೆರೆದಿರುವುದೂ ಆಗಲೇ. ಹಗಲು ಪಾಳಿಯ ವಾರದಲ್ಲಿ ಎರಡೂ ರಿಲೇ ಎಳೆದು ನಿಂತಿರುವ ಹೊತ್ತು ಮಧ್ಯಾಹ್ನ. ಆಗ ಪ್ಯಾನೆಲ್ಲು ಬ್ಯಾಟರಿಯನ್ನು 14.2 ವೋಲ್ಟಿಗೆ ಎತ್ತಿರುತ್ತದೆ, ಸಿಮೆಂಟ್ ಶೀಟಿನ ಚಾವಣಿಯ ಕೆಳಗೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೂ ಕಾದಿರುತ್ತದೆ. ದೋಷದ ಮೂರು ಕಾರಣಗಳೂ ಒಂದೇ ಗಳಿಗೆಯಲ್ಲಿ ಬಂದು ಸೇರುತ್ತಿದ್ದವು. ನಾನು ಹೋಗುತ್ತಿದ್ದ ಸಂಜೆಯ ಹೊತ್ತಿಗೆ ಮೂರೂ ಚದುರಿ ಹೋಗಿರುತ್ತಿದ್ದವು.

16.9 ಎಂಬ ಅಂಕಿಯ ಗುಟ್ಟೂ ಆಗಲೇ ತಿಳಿಯಿತು. ಬ್ಯಾಟರಿಯ ವೋಲ್ಟೇಜನ್ನು ಎರಡು ರೆಸಿಸ್ಟರುಗಳಿಂದ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ ಚಿಪ್ಪಿನ ಎಡಿಸಿಯಿಂದ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗದಿಂದ) ಓದುತ್ತಿದ್ದೆ, ಆ ಎಡಿಸಿ ತನ್ನ ಅಳತೆಗೋಲಾಗಿ ಬಳಸುತ್ತಿದ್ದದ್ದು 7805 ಕೊಡುವ 5 ವೋಲ್ಟನ್ನೇ. ಆ 5 ವೋಲ್ಟೇ ಕುಸಿದರೆ ಅಳತೆಗೋಲು ಚಿಕ್ಕದಾಗಿ ಅಳೆದದ್ದೆಲ್ಲ ದೊಡ್ಡದಾಗಿ ಕಾಣುತ್ತದೆ. 14.2 ಇರುವುದು 16.9 ಎಂದು ಕಾಣಬೇಕಾದರೆ 5 ವೋಲ್ಟ್ ಇಳಿದು 4.2 ಆಗಿರಬೇಕು. ಅಂದರೆ ಫೋಟೊ ತೆಗೆದ ಗಳಿಗೆಯಲ್ಲಿ ರೆಗ್ಯುಲೇಟರ್ ಸೋಲುತ್ತಿತ್ತು, ಬ್ಯಾಟರಿ ಏರುತ್ತಿರಲಿಲ್ಲ. ಪರದೆಯ ಬೆಳಕು ಮಂಕಾದದ್ದಕ್ಕೂ ಅದೇ ಕಾರಣ.

ಮೊದಲೇ ಮಾಡಬೇಕಿದ್ದ ಲೆಕ್ಕವನ್ನು ಈಗ ಮಾಡಿದೆ. 7805ನಂಥ ಲೀನಿಯರ್ ರೆಗ್ಯುಲೇಟರ್ ಹೆಚ್ಚುವರಿ ವೋಲ್ಟೇಜನ್ನು ಶಾಖವನ್ನಾಗಿ ಸುಡುತ್ತದೆ. ಎಷ್ಟು ವೋಲ್ಟ್ ಇಳಿಸುತ್ತದೆಯೋ ಅದನ್ನು ತನ್ನ ಮೂಲಕ ಹರಿಯುವ ಕರೆಂಟಿನಿಂದ ಗುಣಿಸಿದರೆ ಅದರ ಶಾಖ ಸಿಗುತ್ತದೆ. ಮಧ್ಯಾಹ್ನ ಡಯೋಡಿನ ನಂತರ 13.4 ವೋಲ್ಟ್, ಇಳಿಸಬೇಕಾದದ್ದು 8.4, ಕರೆಂಟು 0.185 ಆಂಪ್, ಶಾಖ 1.55 ವ್ಯಾಟ್, 7805 ತನ್ನ ಸ್ವಂತಕ್ಕೆ ಬಳಸುವ ಸುಮಾರು 5 ಮಿಲಿಆಂಪನ್ನೂ ಸೇರಿಸಿದರೆ 1.6 ವ್ಯಾಟ್. ಹೀಟ್‌ಸಿಂಕ್ (ಶಾಖವನ್ನು ಗಾಳಿಗೆ ಚದುರಿಸುವ ಲೋಹದ ತುಂಡು) ಇಲ್ಲದ ಈ ಗಾತ್ರದ ರೆಗ್ಯುಲೇಟರಿನ ಒಳಗಿನ ಸಿಲಿಕಾನ್ ಹರಳು ಪ್ರತಿ ವ್ಯಾಟಿಗೆ ಸುತ್ತಲಿನ ಗಾಳಿಗಿಂತ 65 ಡಿಗ್ರಿಯಷ್ಟು ಏರುತ್ತದೆ, ಹಾಗಾಗಿ ಏರಿಕೆ 104 ಡಿಗ್ರಿ. ಪೆಟ್ಟಿಗೆಯೊಳಗಿನ ಗಾಳಿ 46 ಡಿಗ್ರಿ ಇದ್ದರೆ ಒಟ್ಟು 150. ಕೆಲಸ ಮಾಡಬೇಕಾದ ಮಿತಿ 125. ಅದನ್ನು ದಾಟಿ 150ರ ಆಸುಪಾಸಿಗೆ ಬಂದಾಗ 7805 ತನ್ನನ್ನು ಉಳಿಸಿಕೊಳ್ಳಲು ಔಟ್‌ಪುಟ್ಟನ್ನು ಕಡಿಮೆ ಮಾಡುತ್ತದೆ. ಆಗ ಚಿಪ್ ಮರುಚಾಲನೆಯಾಗಿ ರಿಲೇಗಳು ಬಿಟ್ಟುಕೊಳ್ಳುತ್ತವೆ, ಹೊರೆ ಇಳಿದು ರೆಗ್ಯುಲೇಟರ್ ತಣಿಯುತ್ತದೆ, ಚಿಪ್ ಎದ್ದು ಮತ್ತೆ ರಿಲೇಗಳನ್ನು ಎಳೆಯುತ್ತದೆ. ತಂದೆಯವರು ಕೇಳಿದ ಟಕ್ ಟಕ್ ಇದೇ. ನನ್ನ ಮೇಜಿನ ಮೇಲೆ 12.6 ವೋಲ್ಟಿನಲ್ಲಿ, 26 ಡಿಗ್ರಿ ಕೋಣೆಯಲ್ಲಿ ಅದೇ ಲೆಕ್ಕ 112ಕ್ಕೆ ನಿಲ್ಲುತ್ತದೆ. ರಾತ್ರಿ ಪಾಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೇಜಿನ ಮೇಲೆ ಬೆರಳು ಹೇಳಿದ್ದು ಸರಿಯಾಗಿಯೇ ಇತ್ತು.

ಲೆಕ್ಕವನ್ನು ನಂಬಿ ಬೆಸುಗೆ ಬಿಚ್ಚುವ ಮೊದಲು ಕಣ್ಣಾರೆ ನೋಡಬೇಕೆನಿಸಿತು. ಒಂದು ಭಾನುವಾರ ಪೆಟ್ಟಿಗೆಯನ್ನು ಕಳಚಿ ತಂದು ಮನೆಯ ತಾರಸಿಯ ಬಿಸಿಲಿನಲ್ಲಿಟ್ಟು, ಪವರ್ ಸಪ್ಲೈಯನ್ನು 14.2 ವೋಲ್ಟಿಗೆ ಹೊಂದಿಸಿ, ಮಲ್ಟಿಮೀಟರಿನ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ತುದಿಯನ್ನು 7805ನ ರೆಕ್ಕೆಗೆ ಪುಟ್ಟ ಬೋಲ್ಟಿನಿಂದ ಬಿಗಿದು, ಎರಡೂ ರಿಲೇಗಳನ್ನು ಎಳೆಸಿ ಮುಚ್ಚಳ ಹಾಕಿದೆ. ಅಂಕಿ 90, 110, 125 ಎಂದು ಏರುತ್ತ ಹೋಯಿತು. 138ಕ್ಕೆ ಬಂದಾಗ ಇನ್ನೊಂದು ಮೀಟರಿನಲ್ಲಿ 4.97 ಇದ್ದದ್ದು 4.8, 4.5 ಎಂದು ಜಾರತೊಡಗಿತು. 4.2ರ ಹತ್ತಿರ ಒಂದು ರಿಲೇ ಗುಂಯ್‌ಗುಟ್ಟಿತು, ಆಮೇಲೆ ಎರಡೂ ಬಿಟ್ಟುಕೊಂಡವು. ರೆಕ್ಕೆಗಿಂತ ಒಳಗಿನ ಹರಳು ಪ್ರತಿ ವ್ಯಾಟಿಗೆ 5 ಡಿಗ್ರಿ ಹೆಚ್ಚಿರುತ್ತದೆ ಎಂದು ಹಿಡಿದರೆ ಒಳಗೆ ಆಗ 146. ಕಾಗದದ ಲೆಕ್ಕವೂ ತಾರಸಿಯ ಅಳತೆಯೂ ಇಷ್ಟು ಹತ್ತಿರ ಬಂದದ್ದು ನನಗೆ ನಿಜವಾದ ಸಮಾಧಾನ ಕೊಟ್ಟಿತು. ಸಡಿಲ ಬೆಸುಗೆಯ ಹುಡುಕಾಟವನ್ನು ಅಲ್ಲಿಗೆ ಕೈಬಿಟ್ಟೆ.

ಪರಿಹಾರಕ್ಕೆ ದಾರಿಗಳು ಮೂರಿದ್ದವು. ಮೊದಲನೆಯದು ಹೀಟ್‌ಸಿಂಕ್. ಪ್ರತಿ ವ್ಯಾಟಿಗೆ 20 ಡಿಗ್ರಿಯ ಸಾಧಾರಣ ಅಲ್ಯುಮಿನಿಯಂ ಹೀಟ್‌ಸಿಂಕ್ ಹಾಕಿದರೂ ಹರಳಿನ ಏರಿಕೆ 104ರಿಂದ 40ಕ್ಕೆ ಇಳಿಯುತ್ತದೆ. ಆದರೆ ಹೀಟ್‌ಸಿಂಕ್ ಶಾಖವನ್ನು ಕಡಿಮೆ ಮಾಡುವುದಿಲ್ಲ, ಪೆಟ್ಟಿಗೆಯ ಗಾಳಿಗೆ ಬೇಗ ದಾಟಿಸುತ್ತದೆ. ಕಿಂಡಿಯಿಲ್ಲದ ಪೆಟ್ಟಿಗೆಯಲ್ಲಿ ಆ ಗಾಳಿಯೇ ಕಾಯುತ್ತಾ ಹೋಗುತ್ತದೆ. ಎರಡನೆಯದು ಸ್ವಿಚಿಂಗ್ ಮಾಡ್ಯೂಲ್, ಅದರ ಬಗ್ಗೆ ನನ್ನ ಅಳುಕನ್ನು ಮೊದಲೇ ಹೇಳಿದ್ದೇನೆ. ಮೂರನೆಯದು ಹೊಳೆದದ್ದು ಕರೆಂಟಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿದಾಗ: 185 ಮಿಲಿಆಂಪಿನಲ್ಲಿ 150 ಹೋಗುತ್ತಿದ್ದದ್ದು ರಿಲೇಗಳಿಗೆ. ರಿಲೇ ಒಂದು ತಂತಿಯ ಸುರುಳಿ. ಅದಕ್ಕೆ ನಿಖರವಾದ 5 ವೋಲ್ಟ್ ಯಾಕೆ ಬೇಕು? ಅದೇ ಗಾತ್ರದ ರಿಲೇ 12 ವೋಲ್ಟಿನ ಕಾಯಿಲಿನಲ್ಲೂ ಸಿಗುತ್ತದೆ ಮತ್ತು ಅದನ್ನು ಬ್ಯಾಟರಿಯಿಂದ ನೇರವಾಗಿ ಎಳೆಸಬಹುದು. ಚಿಪ್ಪು ಮತ್ತು ಪರದೆಗೆ ಬೇಕಾದ 35 ಮಿಲಿಆಂಪ್ ಮಾತ್ರ ರೆಗ್ಯುಲೇಟರಿನಿಂದ ಹೋದರೆ ಸಾಕು. ಕಟ್ಟುವ ಮೊದಲೇ ಈ ಪ್ರಶ್ನೆಯನ್ನು ಕೇಳಿಕೊಳ್ಳದೆ, ಮಾಡ್ಯೂಲಿನ ಮೇಲೆ 5 ವೋಲ್ಟ್ ಎಂದು ಬರೆದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ರೆಗ್ಯುಲೇಟರಿನ ಹಿಂದೆ ಕಟ್ಟಿದ್ದೆ.

ಮುಂದಿನ ವಾರ ಎಸ್‌ಪಿ ರಸ್ತೆಯಿಂದ ಎರಡು ಬಿಡಿ ರಿಲೇ ತಂದೆ. ಕಾಯಿಲಿನ ರೋಧ ಅಳೆದರೆ 400 ಓಮಿನ ಸಮೀಪ, 13.4 ವೋಲ್ಟಿನಲ್ಲಿ ತಲಾ 33 ಮಿಲಿಆಂಪ್. ಹೊಸ ಝೀರೋ ಬೋರ್ಡಿನ ತುಂಡಿನಲ್ಲಿ ಪ್ರತಿ ರಿಲೇಗೂ ಒಂದು ಬಿಸಿ547 ಟ್ರಾನ್ಸಿಸ್ಟರ್, ಚಿಪ್ಪಿನ ಕಾಲಿನಿಂದ ಅದರ ಬೇಸಿಗೆ (ಟ್ರಾನ್ಸಿಸ್ಟರನ್ನು ಹಚ್ಚುವ ಕಾಲಿಗೆ) 2.2 ಕಿಲೋಓಮ್, ಬೇಸಿನಿಂದ ನೆಲಕ್ಕೆ 10 ಕಿಲೋಓಮ್, ಕಾಯಿಲಿಗೆ ಅಡ್ಡಲಾಗಿ 1ಎನ್4007. ಈ 10 ಕಿಲೋಓಮನ್ನು ಬಿಡಬಾರದು. ಚಿಪ್ ಮರುಚಾಲನೆಯಾಗುವ ಹೊತ್ತಿನಲ್ಲಿ ಅದರ ಕಾಲುಗಳು ಯಾವ ಕಡೆಗೂ ಎಳೆಯದೆ ತೇಲುತ್ತಿರುತ್ತವೆ, ಆಗ ವಾಲ್ವ್ ಮುಚ್ಚಿಯೇ ಇರಲಿ ಎಂಬುದನ್ನು ನಿರ್ಧರಿಸುವುದು ಆ ರೆಸಿಸ್ಟರ್.

ಇಲ್ಲಿ ಒಂದು ತಪ್ಪು ಮಾಡಿದೆ, ಇದೇ ದಾರಿ ಹಿಡಿಯುವವರಿಗೆ ಹೇಳಲೇಬೇಕು. ಹಳೆಯ ಮಾಡ್ಯೂಲ್ ಚಿಪ್ಪಿನ ಕಾಲು ಕೆಳಗಿಳಿದಾಗ ರಿಲೇ ಎಳೆಯುವ ಬಗೆಯದು. ನಾನು ಕಟ್ಟಿದ ಟ್ರಾನ್ಸಿಸ್ಟರಿನದು ಅದಕ್ಕೆ ತದ್ವಿರುದ್ಧ, ಕಾಲು ಮೇಲೇರಿದಾಗ ಎಳೆಯುತ್ತದೆ. ಪ್ರೋಗ್ರಾಮಿನಲ್ಲಿ ಅದನ್ನು ಬದಲಾಯಿಸಲು ಮರೆತು ಬೋರ್ಡು ಹಚ್ಚಿದ ಕೂಡಲೇ ಎರಡೂ ವಾಲ್ವ್ ತೆರೆದುಕೊಂಡು, ನಾನು ಬ್ಯಾಟರಿ ತಂತಿ ಕಿತ್ತು ಹಾಕುವಷ್ಟರಲ್ಲಿ ಬಾಳೆಯ ಬುಡಕ್ಕೆ ಸಾಕಷ್ಟು ನೀರು ಹೋಗಿತ್ತು. ಗಿಡಕ್ಕೆ ನಷ್ಟವಾಗಲಿಲ್ಲ. ಆದರೆ ಇದೇ ಬೋರ್ಡು ಮೋಟಾರಿನ ಸ್ಟಾರ್ಟರನ್ನು ಎಳೆಯುವಂಥದ್ದಾಗಿದ್ದರೆ ಪರಿಣಾಮ ಬೇರೆಯೇ ಇರುತ್ತಿತ್ತು. ಈಗ ರಿಲೇ ಬದಲಾಯಿಸಿದರೆ ಮೊದಲು ವಾಲ್ವ್‌ಗಳ ಫ್ಯೂಸ್ ತೆಗೆದಿಟ್ಟು, ರಿಲೇಯ ಸದ್ದನ್ನಷ್ಟೇ ಕೇಳಿ ಪರೀಕ್ಷಿಸುತ್ತೇನೆ.

ರೆಗ್ಯುಲೇಟರಿನ ಭಾಗವನ್ನೂ ಹೊಸದಾಗಿ ಕಟ್ಟಿದೆ. ಹಳೆಯ 7805 ಎಷ್ಟು ಸಲ 146 ಡಿಗ್ರಿ ಕಂಡಿತ್ತೋ, ಅದನ್ನು ಮತ್ತೆ ನಂಬುವ ಮನಸ್ಸಾಗಲಿಲ್ಲ. ಬೇಸುಗಳಿಗೆ ಹೋಗುವ ಕರೆಂಟೂ ಸೇರಿ ಈಗ ಅದರ ಹೊರೆ 40 ಮಿಲಿಆಂಪ್, ಶಾಖ 0.4 ವ್ಯಾಟ್, ಹೀಟ್‌ಸಿಂಕ್ ಇಲ್ಲದಿದ್ದರೂ ಏರಿಕೆ 26 ಡಿಗ್ರಿ ಮಾತ್ರ. ಆದರೂ ಒಂದು ಸಣ್ಣ ಹೀಟ್‌ಸಿಂಕನ್ನು ತೆಳುವಾಗಿ ಬಿಳಿ ಪೇಸ್ಟ್ ಸವರಿ ಬಿಗಿದೆ. ಎರಡೂ ವಾಲ್ವ್ ತೆರೆದಾಗ ಬೋರ್ಡು ಬ್ಯಾಟರಿಯಿಂದ ಎಳೆಯುತ್ತಿದ್ದ 190 ಮಿಲಿಆಂಪ್ ಈಗ 112ಕ್ಕೆ ಇಳಿದಿದೆ. ಪೆಟ್ಟಿಗೆಯೊಳಗಿನ ಒಟ್ಟು ಶಾಖ 2.7 ವ್ಯಾಟಿನಿಂದ 1.6ಕ್ಕೆ ಬಂದಿದೆ, ಅದರಲ್ಲೂ ಹೆಚ್ಚಿನದು ರಿಲೇಗಳ ದಪ್ಪ ಸುರುಳಿಗಳಲ್ಲಿ ಹರಡಿಹೋಗುತ್ತದೆ.

ಕೈಹಾಕಿದ ಮೇಲೆ ಇನ್ನೆರಡು ತಿದ್ದುಪಡಿ ಮಾಡಿದೆ. ಬ್ಯಾಟರಿ ಅಳೆಯಲು 5 ವೋಲ್ಟಿನ ಬದಲು ಚಿಪ್ಪಿನೊಳಗಿರುವ 1.1 ವೋಲ್ಟಿನ ಅಳತೆಗೋಲನ್ನು ಬಳಸಿ, ರೆಸಿಸ್ಟರುಗಳನ್ನು 150 ಮತ್ತು 10 ಕಿಲೋಓಮಿಗೆ ಬದಲಾಯಿಸಿದೆ. ಬ್ಯಾಟರಿಯ ಹದಿನಾರನೆಯ ಒಂದು ಪಾಲು, 14.2ಕ್ಕೆ 0.89 ವೋಲ್ಟ್. ಈ ಒಳಗಿನ 1.1 ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಬೇರೆಯಾಗುವುದರಿಂದ ಮಲ್ಟಿಮೀಟರಿನೊಂದಿಗೆ ಹೋಲಿಸಿ ಪ್ರೋಗ್ರಾಮಿನಲ್ಲಿ ಒಂದು ಸಲ ತಿದ್ದಬೇಕು. ಇನ್ನೊಂದು, ಬ್ರೌನ್‌ಔಟ್ ಮಿತಿ, ಅಂದರೆ ವೋಲ್ಟೇಜ್ ಎಷ್ಟಕ್ಕೆ ಇಳಿದರೆ ಚಿಪ್ಪು ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕು ಎಂಬುದು. ಇದೇ ಚಿಪ್ಪಿನ ಸಿದ್ಧ ಬೋರ್ಡಾದ ಆರ್ಡುಯಿನೋ ಊನೋದ ರೂಢಿಯಂತೆ ನನ್ನ ಚಿಪ್ಪಿನಲ್ಲಿ ಅದು 2.7 ವೋಲ್ಟಿಗೆ ಇತ್ತು. ಆದರೆ 16 ಮೆಗಾಹರ್ಟ್ಸಿನಲ್ಲಿ ಓಡುವ ಎಟಿಮೆಗಾಗೆ ಸುಮಾರು 3.8 ವೋಲ್ಟಿಗಿಂತ ಕೆಳಗೆ ಸರಿಯಾಗಿ ನಡೆಯುವ ಖಾತರಿಯಿಲ್ಲ. ನಡುವಿನ ಆ ಅಂತರದಲ್ಲಿ ಚಿಪ್ಪು ನಿಲ್ಲುವುದೂ ಇಲ್ಲ, ನೆಟ್ಟಗೆ ನಡೆಯುವುದೂ ಇಲ್ಲ. ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಸಿಕ್ಕಿಸಿ ಎಕ್ಸ್‌ಟೆಂಡೆಡ್ ಫ್ಯೂಸ್ ಎಂಬ ಚಿಪ್ಪಿನೊಳಗಿನ ಹೊಂದಿಕೆಯನ್ನು ಬದಲಿಸಿ ಮಿತಿಯನ್ನು 4.3 ವೋಲ್ಟಿಗೆ ಏರಿಸಿದೆ. ಪ್ರತಿ ಮರುಚಾಲನೆಯನ್ನೂ ಎಣಿಸಿ ಇಇಪ್ರಾಮಿನಲ್ಲಿ (ಕರೆಂಟ್ ಹೋದರೂ ಅಳಿಯದ ಚಿಪ್ಪಿನ ನೆನಪಿನಲ್ಲಿ) ಬರೆದಿಟ್ಟು ಪರದೆಯ ಮೂಲೆಯಲ್ಲಿ ತೋರಿಸುವ ನಾಲ್ಕು ಸಾಲನ್ನೂ ಪ್ರೋಗ್ರಾಮಿಗೆ ಸೇರಿಸಿದೆ.

ಯುಎಸ್‌ಬಿ ಸೀರಿಯಲ್ ಅಡಾಪ್ಟರಿನಿಂದ ಪ್ರೋಗ್ರಾಂ ಹಾಕುವಾಗ ಅದರ 5 ವೋಲ್ಟಿನ ತಂತಿಯನ್ನು ಬೋರ್ಡಿಗೆ ಸೇರಿಸಬೇಡಿ. ಬ್ಯಾಟರಿ ಇಲ್ಲದಾಗ ಆ 5 ವೋಲ್ಟ್ 7805ನ ಔಟ್‌ಪುಟ್ಟಿನಿಂದ ಹಿಂದಕ್ಕೆ ಹೋಗುತ್ತದೆ, ಬ್ಯಾಟರಿ ಇದ್ದಾಗ ಎರಡು ಮೂಲಗಳು ಒಂದನ್ನೊಂದು ತಳ್ಳುತ್ತವೆ. ನಾನು ಆ ಹಾದಿಯಲ್ಲಿ ಒಂದು ಜಂಪರ್ ಇಟ್ಟಿದ್ದೇನೆ. ಹಾಗೆಯೇ, ಇದೇ ಜಾಗದಲ್ಲಿ 3.3 ವೋಲ್ಟಿನ ಬೋರ್ಡಿಗಾಗಿ 1117 ಸರಣಿಯ ರೆಗ್ಯುಲೇಟರ್ ಕೂರಿಸುವವರು ಕಾಲುಗಳ ಕ್ರಮವನ್ನು 7805ರಂತೆಯೇ ಎಂದುಕೊಳ್ಳಬಾರದು. 1117ರಲ್ಲಿ ಎಡದಿಂದ ನೆಲ, ಔಟ್‌ಪುಟ್, ಇನ್‌ಪುಟ್. ಹಿಂದಿನ ರೆಕ್ಕೆ ಔಟ್‌ಪುಟ್. ನೆಲಕ್ಕೆ ಸೇರಿದ ಲೋಹದ ತಟ್ಟೆಗೆ ಅದನ್ನು ಅಭ್ರಕದ ಹಾಳೆಯಿಲ್ಲದೆ ಬಿಗಿದರೆ ಔಟ್‌ಪುಟ್ ನೇರವಾಗಿ ನೆಲ ಕಾಣುತ್ತದೆ. ಎಎಂಎಸ್1117ಗೆ ಇನ್‌ಪುಟ್ 15 ವೋಲ್ಟ್ ಮೀರಬಾರದು ಎಂಬ ಮಿತಿಯೂ ಇದೆ, ಸೋಲಾರ್ ಬ್ಯಾಟರಿಯ 14.4 ಅದಕ್ಕೆ ಅಪಾಯದ ಅಂಚು. ಋಣ ವೋಲ್ಟೇಜಿನ 7905 ಇನ್ನೂ ಬೇರೆ: ನೆಲ, ಇನ್‌ಪುಟ್, ಔಟ್‌ಪುಟ್, ರೆಕ್ಕೆ ಇನ್‌ಪುಟ್. ಮೂರೂ ಹೊರನೋಟಕ್ಕೆ ಒಂದೇ ಥರ ಇರುವುದರಿಂದ ನಾನು ಡಬ್ಬಿಯಲ್ಲಿ ಅವುಗಳನ್ನು ಬೇರೆಬೇರೆ ಪೊಟ್ಟಣಗಳಲ್ಲಿ ಇಡುತ್ತೇನೆ.

ಶೆಡ್ಡಿಗೆ ಕೊಂಡೊಯ್ಯುವ ಮೊದಲು ಈ ಸಲ ಪರೀಕ್ಷೆ ತಾರಸಿಯಲ್ಲೇ ನಡೆಯಿತು: 14.4 ವೋಲ್ಟ್, ಮುಚ್ಚಿದ ಪೆಟ್ಟಿಗೆ, ಹನ್ನೊಂದರಿಂದ ಮೂರರವರೆಗಿನ ಬಿಸಿಲು, ಎರಡೂ ರಿಲೇ ಎಳೆದ ಸ್ಥಿತಿ. ನಾಲ್ಕು ತಾಸಿನಲ್ಲಿ 5 ವೋಲ್ಟಿನ ಗೆರೆ 4.98ರಿಂದ 4.96ಕ್ಕೆ ಇಳಿದದ್ದು ಬಿಟ್ಟರೆ ಅಲುಗಲಿಲ್ಲ.

ಪೆಟ್ಟಿಗೆಯನ್ನು ಮತ್ತೆ ಗೋಡೆಗೆ ಬಿಗಿದು ಬಂದ ನಂತರದ ಮೊದಲ ಹಗಲು ಪಾಳಿಗೆ ರಜೆ ಹಾಕಿ ತೋಟದಲ್ಲೇ ಇದ್ದೆ. ಮಧ್ಯಾಹ್ನ ಒಂದೂವರೆಗೆ ಎರಡೂ ವಾಲ್ವ್ ತೆರೆದಿದ್ದವು, ಬ್ಯಾಟರಿ ಮೀಟರಿನಲ್ಲೂ ಪರದೆಯಲ್ಲೂ 14.1 ಇತ್ತು, ರೆಕ್ಕೆಯ ಮೇಲೆ ಥರ್ಮೋಕಪಲ್ 54 ಡಿಗ್ರಿ ತೋರಿಸಿತು. ತಂದೆಯವರು ಪರದೆಯ ಮೂಲೆಯ ಅಂಕಿಯನ್ನು ತೋರಿಸಿ ಅದೇನೆಂದು ಕೇಳಿದರು. ಮರುಚಾಲನೆ 1 ಎಂದಿತ್ತು, ಅದು ಶನಿವಾರ ನಾನೇ ಬ್ಯಾಟರಿ ಸಿಕ್ಕಿಸಿದಾಗಿನದು.